ನೀರು ಹದವಾಗಿದ್ಯಾ?

ತಲೆ ತೊಳೆಯೋದನ್ನೂ ಕಲಿಯಬೇಕಾ ಎಂದು ನಗುವವರ ಜೊತೆ ನಾನು ವಾದ ಮಾಡುವುದಿಲ್ಲ. ಬೇಸಿನ್ ಕುರ್ಚಿಯಲ್ಲಿ ಮಲಗಿಸುತ್ತೇನೆ, ಅಷ್ಟೇ. ಕತ್ತು ಹಿಂದಕ್ಕೆ ಒರಗಿ, ಬೆಚ್ಚಗಿನ ನೀರು ನೆತ್ತಿಗೆ ತಾಗಿ, ನನ್ನ ಬೆರಳುಗಳು ಕಿವಿಯ ಹಿಂದಿನಿಂದ ನಿಧಾನವಾಗಿ ಮೇಲೇರುವ ಹೊತ್ತಿಗೆ ಅವರ ನಗು ಮುಗಿದಿರುತ್ತದೆ. ರೆಪ್ಪೆ ತಾನಾಗಿ ಇಳಿಯುತ್ತದೆ. ಹಿಂದೆ ನಿಂತ ನನಗೆ ಎಲ್ಲರ ಮುಖವೂ ತಲೆಕೆಳಗಾಗಿ ಕಾಣುತ್ತದೆ. ಬ್ಯಾಂಕ್ ಮ್ಯಾನೇಜರಾಗಲಿ, ಸೊಪ್ಪು ಮಾರುವವರಾಗಲಿ, ಆ ಕುರ್ಚಿಯಲ್ಲಿ ಅವರು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಎಲ್ಲೋ ತೇಲಿ ಹೋಗಿರುತ್ತಾರೆ, ನಾನು ದಡದಲ್ಲಿ ನಿಂತು ಕಾಯುತ್ತಿರುತ್ತೇನೆ.

ನನ್ನ ಪಾರ್ಲರ್ ತುಮಕೂರಿನ ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ, ನನ್ನ ಅಬ್ಬಾ ಹಬೀಬ್ ಸಾಬ್ ಅವರ ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಗಂಡಸರು ಮೆಟ್ಟಿಲು ಹತ್ತುವಂತಿಲ್ಲ. ಕಿಟಕಿಗೆ ಹಸಿರು ಪರದೆ ಹಾಕಿದ್ದೇನೆ. ಮಧ್ಯಾಹ್ನದ ಬಿಸಿಲು ಅದನ್ನು ದಾಟಿ ಬಂದಾಗ ಒಳಗೆಲ್ಲ ಕೆರೆಯ ತಳದ ಬಣ್ಣ. ಕೆಳಗೆ ಅಬ್ಬಾ ಯಾರಿಗೋ ಬಳೆ ತೊಡಿಸುವ ಕಿಣಿಕಿಣಿ, ಮೇಲೆ ನಲ್ಲಿಯ ಸದ್ದು, ಡ್ರೈಯರಿನ ಗುಂಯ್ ಎಂಬ ಒಂದೇ ರಾಗ. ಆ ಹೊತ್ತಿಗೆ ಗಿರಾಕಿಗಳಿರಲಿ, ಗೋಡೆಯ ಹಲ್ಲಿಗೂ ತೂಕಡಿಕೆ ಬರುತ್ತದೆ.

ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನನ್ನದೊಂದು ಕಾನೂನು. ಮೊದಲು ನನ್ನ ತಲೆ ತೊಳೆಯಬೇಕು. ಅವರ ಕೈಯಡಿ ನನಗೆ ಯಾವತ್ತು ನಿದ್ದೆ ಬರುತ್ತದೋ ಅವತ್ತಿನಿಂದ ಬೇಸಿನ್ ಅವರದು. ಬರಲಿಲ್ಲವೋ, ಟವೆಲ್ ಮಡಚುವುದು, ನೆಲದ ಕೂದಲು ಗುಡಿಸುವುದು. ಅರ್ಜೂ ಬಂದ ವಾರದಲ್ಲೇ ನನ್ನನ್ನು ಮಲಗಿಸಿಬಿಟ್ಟಳು. ಕಡಬದ ಬಿಂದುಶ್ರೀಗೆ ಮಾತ್ರ ತಿಂಗಳುಗಟ್ಟಲೆ ಹೋದರೂ ನನ್ನ ಒಂದು ಆಕಳಿಕೆಯೂ ಸಿಕ್ಕಿರಲಿಲ್ಲ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಅವಳ ಕೈ ಹಾಗೆ. ಉಗುರು ತಾಗಿಸಿ ಗಸಗಸ ಉಜ್ಜುತ್ತಾಳೆ, ಕಿವಿಗೆ ನೀರು ಬಿಡುತ್ತಾಳೆ, ಟವೆಲ್ಲಿನಿಂದ ಒತ್ತಿ ನೀರು ಹೀರಿಸು ಎಂದರೆ ದನದ ಮೈ ಉಜ್ಜಿದಂತೆ ಉಜ್ಜುತ್ತಾಳೆ. ಎಲ್ಲಕ್ಕಿಂತ ನನಗೆ ಸಿಟ್ಟು ಬರುತ್ತಿದ್ದುದು ಒಂದಕ್ಕೆ. ನೀರು ಬಿಡುವ ಮೊದಲು ತನ್ನ ಮಣಿಕಟ್ಟಿಗೆ ಬಿಟ್ಟು ನೋಡಬೇಕು, ಆಮೇಲೆ ಮಲಗಿದವರನ್ನು "ನೀರು ಹದವಾಗಿದ್ಯಾ?" ಎಂದು ಕೇಳಬೇಕು. ಈ ವಿದ್ಯೆಯ ಮೊದಲ ಮಾತೇ ಅದು. ಅವಳು ಒಂದು ದಿನವೂ ಕೇಳಲಿಲ್ಲ.

"ಯಾಕ್ಲೇ ಕೇಳಲ್ಲ?" ಎಂದರೆ,

"ನಮ್ಮನೇಲಿ ಯಾರೂ ಕೇಳಲ್ಲ ಅಕ್ಕ. ಅಜ್ಜಿ ಹಂಡೆ ನೀರು ಹುಯ್ಯೋದೇ. ಸುಡ್ತದೆ ಅಂದ್ರೆ ಇನ್ನೊಂದ್ ಚೊಂಬು ಹುಯ್ತಾಳೆ. ಸೀಗೇಪುಡಿ ಕಣ್ಗೆ ಬಿದ್ರೆ ಬೆನ್ಮೇಲ್ ಒಂದು. ಆಮೇಲೆ ಸಾಂಬ್ರಾಣಿ ಹೊಗೆ ಮೇಲೆ ಮಂಕರಿ ಬೋರಲು ಹಾಕಿ, ಕೂದ್ಲ ಹರಡ್ಕಂಡು ಮಲಗಿಸ್ತಾಳಲ್ಲ, ಆವಾಗ್ಲೇ ಅಕ್ಕ ಸುಖ," ಎಂದು ಕಣ್ಣು ಅರ್ಧ ಮುಚ್ಚಿ ನಿಂತುಬಿಡುತ್ತಿದ್ದಳು, ಕೈಯಲ್ಲಿ ಪೊರಕೆ ಹಿಡಿದುಕೊಂಡೇ.

ನನಗೂ ನಗು ಬರುತ್ತಿತ್ತು. ನಮ್ಮ ಮನೆಯಲ್ಲಿ ಅದೇ ಹೊಗೆಗೆ ಲೋಬಾನ ಎನ್ನುತ್ತಾರೆ. ಅಮ್ಮಿ ಕುಲ್ಸುಂ ಬೀ ನನ್ನ ಕೂದಲಿಗೂ ಅದನ್ನೇ ಹಿಡಿಯುತ್ತಿದ್ದಳು, ಬೆನ್ನ ಮೇಲೆ ಒಂದು ಬಿಡುವುದೂ ಇತ್ತು. ಆದರೆ ನಗು ತೋರಿಸಿದರೆ ಹುಡುಗಿ ಕಲಿಯುವುದಿಲ್ಲ.

ಅವಳಿಗೆ ಕಲಿಯುವ ಆಸೆ ಇಲ್ಲವೆಂದಲ್ಲ. ಬೆಳಿಗ್ಗೆ ಕಡಬದಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದಳು. ಖಾಲಿ ಇರುವಾಗ ಗೊಂಬೆಯ ತಲೆ ಇಟ್ಟುಕೊಂಡು ಬ್ಲೋ ಡ್ರೈ ಅಭ್ಯಾಸ ಮಾಡುತ್ತಿದ್ದಳು. ಆದರೆ ಮನೆಯಲ್ಲಿ ಅವಳಪ್ಪ ಶಿವಮೂರ್ತಿ, "ಟವೆಲ್ ಮಡ್ಚಕ್ಕೆ ತುಮಕೂರಿಗ್ಯಾಕೆ ಹೋಗ್ಬೇಕು, ನಮ್ಮನೇಲೂ ಟವೆಲ್ ಅವೆ. ಯುಗಾದಿವರ್ಗೂ ನೋಡು, ಆಮೇಲೆ ಬುಡು," ಎಂದಿದ್ದನಂತೆ. ಯುಗಾದಿ ಹತ್ತಿರ ಬಂದಿತ್ತು. ಪ್ರತಿ ಮಂಗಳವಾರ ಅವಳು ನನ್ನ ತಲೆ ತೊಳೆಯುವಾಗ ನನ್ನ ಮುಖದ ಮೇಲೆ ಬಗ್ಗಿ ನೋಡುವಳು. ನಾನು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮಲಗಿರುತ್ತಿದ್ದೆ. ಸುಳ್ಳು ನಿದ್ದೆ ಮಾಡಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಅವಳಿಗೆ ಇನ್ನೊಂದು ಖಯಾಲಿ ಇತ್ತು. ಕುರ್ಚಿಗಳ ಹಿಂದೆ ಗುಡಿಸುತ್ತಾ ಗಿರಾಕಿಗಳ ನೆತ್ತಿ ನೋಡುವುದು. ಅವಳ ತಾತ ವೆಂಕಟರಂಗಯ್ಯ ಸುತ್ತಲ ಹಳ್ಳಿಗೆಲ್ಲ ಎತ್ತಿನ ಸುಳಿ ನೋಡಿ ಹೇಳುವವರಂತೆ. ಮೈಮೇಲೆ ಕೂದಲು ಸುತ್ತಿಕೊಂಡು ಹುಟ್ಟಿದ ಜಾಗವೇ ಸುಳಿ. ಎತ್ತಿಗೆ ಅದು ಇಲ್ಲಿದ್ದರೆ ಮನೆಗೆ ಒಳ್ಳೆಯದು, ಅಲ್ಲಿದ್ದರೆ ಕೊಳ್ಳಬೇಡ. ತಾತನ ಬೆರಳು ಹಿಡಿದು ಸಂತೆ ತಿರುಗಿದ ಹುಡುಗಿಗೆ ಮನುಷ್ಯರ ತಲೆಯೂ ಹಾಗೇ ಕಾಣುತ್ತಿತ್ತು. ಮನುಷ್ಯರ ಸುಳಿಯ ಲೆಕ್ಕ ಯಾರಿಗೆ ಗೊತ್ತಿಲ್ಲ? ನೆತ್ತಿಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆ. ಗಂಡುಹುಡುಗರಿಗೆ ಹೇಳಿದರೆ ಅದು ತಮಾಷೆ, ಅವರೂ ಮೀಸೆ ತಿರುವುತ್ತಾರೆ. ಹುಡುಗಿಗೆ ಹೇಳಿದರೆ ಹಾಗಲ್ಲ. ಹೆಣ್ಣಿಗೆ ಎರಡನೇ ಮದುವೆ ಎಂದರೆ ಮೊದಲನೆಯ ಗಂಡ ಏನಾದ ಎಂದು ಕೇಳುವ ಜನ ನಮ್ಮವರು.

ಅವತ್ತು ಅರ್ಜೂ ಕುಣಿಗಲ್ಲಿಗೆ ನೆಂಟರ ಮನೆಗೆ ಹೋಗಿದ್ದಳು. ಮಧ್ಯಾಹ್ನ ಇಬ್ಬರು ಬಂದರು. ಒಬ್ಬಳು ಸುಧಾ, ಮದುವೆ ಗೊತ್ತಾದ ಹುಡುಗಿ, ಸೊಂಟ ದಾಟಿದ ಕೂದಲು. ಇನ್ನೊಬ್ಬರು ಅವಳ ಅತ್ತೆಯಾಗುವ ಸುಬ್ಬಲಕ್ಷ್ಮಮ್ಮ, ಮಾರ್ಕೋನಹಳ್ಳಿ ಕಡೆಯವರು, ಡ್ಯಾಮಿನ ನೀರು ಹಾಯುವ ಗದ್ದೆ, ತೋಟ ಇರುವ ಮನೆಯವರು. ಸೀರೆ ತೆಗೆದುಕೊಂಡು ಹಾಗೇ ಬಂದಿದ್ದರು. ರಿಸೆಪ್ಷನ್ನಿಗೆ ಕೂದಲು ಹೇಗೆ ಕಾಣುತ್ತದೆ ಎಂದು ಒಮ್ಮೆ ತೊಳೆದು ಸೆಟ್ ಮಾಡಿಸಿ ನೋಡಬೇಕಿತ್ತು.

ನಾನು ಬೇರೆ ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಿದ್ದೆ, ಬಿಡುವಂತಿರಲಿಲ್ಲ. ಬಿಂದುವಿನ ಕಡೆ ನೋಡಿದೆ. ಅವಳು ಆಗಲೇ ಕೈ ತೊಳೆದುಕೊಂಡು ನಿಂತಿದ್ದಳು.

"ನಿಧಾನಕ್ಕೆ ಕಣೇ. ಬೆರಳ ತುದಿ, ಉಗುರಲ್ಲ. ಇವತ್ತು ಚೆನ್ನಾಗಿ ಮಾಡಿದ್ರೆ ನಿನ್ನ ಮಂಗಳವಾರದ ಪರೀಕ್ಷೆ ನಾನು ಮಾಫಿ ಮಾಡ್ತೀನಿ," ಎಂದೆ.

ಸತ್ಯ ಹೇಳಬೇಕೆಂದರೆ ಅವಳು ಚೆನ್ನಾಗಿಯೇ ತೊಳೆದಳು. ಆ ಕೂದಲೇ ಅವಳಿಗೆ ಕಲಿಸಿತೋ ಏನೋ. ನೀರಿನಲ್ಲಿ ಅದು ಕಪ್ಪಗೆ ಬಿಚ್ಚಿಕೊಂಡು ತೂಗುತ್ತಿತ್ತು, ಇವಳ ಕೈ ಅದರ ಜೊತೆ ಹೋಗಿಬಿಟ್ಟಿತು. ಸುಧಾಳ ಕಣ್ಣು ಮುಚ್ಚಿತು. ಬಿಂದುವಿನ ಕಣ್ಣೂ ಹೆಚ್ಚುಕಡಿಮೆ ಮುಚ್ಚಿತ್ತು. ನಾನು ಬ್ರಷ್ ಹಿಡಿದುಕೊಂಡೇ ನೋಡಿ ಖುಷಿಪಟ್ಟೆ. ಆ ಮಂಪರಿನಲ್ಲಿ ಅವಳ ಬೆರಳು ನೆತ್ತಿಗೆ ಬಂತು, ಒಂದು ಸುತ್ತು ಸುತ್ತಿತು, ಪಕ್ಕದಲ್ಲಿ ಇನ್ನೊಂದು ಸುತ್ತು ಸುತ್ತಿತು. ಸಂತೆಯಲ್ಲಿ ತಾತನ ಪಕ್ಕ ನಿಂತವಳಂತೆ ಬಾಯಿ ತೆರೆದಳು.

"ಅಯ್ಯೋ ಅಕ್ಕ, ನಿಮ್ಗೆ ಎರಡು ಸುಳಿ ಐತೆ! ಎರಡು ಮದ್ವೆ ಗ್ಯಾರಂಟಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಧಾ ಕಣ್ಣು ಬಿಟ್ಟಳು. ಸೋಫಾದಲ್ಲಿ ಕೂತಿದ್ದ ಸುಬ್ಬಲಕ್ಷ್ಮಮ್ಮನವರ ಮುಖ ಬಿಳಿಚಿಕೊಂಡಿತು. ಅವರ ಮಗ ಶಿವರಾಜನೇ ಆ ಮೊದಲನೆಯ ಗಂಡ ಎಂಬುದು ಬಿಂದುವಿಗೆ ಆಗ ಹೊಳೆದಿರಬೇಕು, ಕೈ ನೊರೆಯಲ್ಲೇ ನಿಂತುಹೋಯಿತು.

"ಏಳವ್ವ ಸುಧಾ. ಹೋಗಾನ," ಎಂದರು ಸುಬ್ಬಲಕ್ಷ್ಮಮ್ಮ.

"ಅಮ್ಮ, ತಲೆ ತುಂಬ ನೊರೆ ಇದೆ. ಹೀಗೇ ಹೇಗೆ ಕರ್ಕೊಂಡು ಹೋಗ್ತೀರಾ?" ಎಂದು ನಾನು ಓಡಿ ಬಂದೆ. "ಅವಳಿಗೆ ಬುದ್ಧಿ ಇಲ್ಲ, ನಾನು ಮಾಫಿ ಕೇಳ್ತೀನಿ. ಒಣಗಿಸಿ ಕಳಿಸ್ತೀನಿ."

ಅವರು ಬಾಗಿಲವರೆಗೆ ಹೋಗಿ ನಿಂತರು. ಮದುವೆ ಗೊತ್ತಾದ ಹುಡುಗಿಯನ್ನು ಒದ್ದೆ ತಲೆ ಬಿರಿಹೊಯ್ದುಕೊಂಡು ಬೀದಿಗೆ ಇಳಿಸುವುದಕ್ಕೆ ಯಾವ ಅತ್ತೆಗೂ ಧೈರ್ಯ ಬರುವುದಿಲ್ಲ. ತಿರುಗಿ ಬಂದು ಸೋಫಾದ ತುದಿಯಲ್ಲಿ ಕೂತರು. "ಬೇಗ ಒಣಗ್ಸಿ," ಎಂದರು.

ನಾನು ಬಿಂದುವನ್ನು ಪಕ್ಕಕ್ಕೆ ತಳ್ಳಿ, ಹಲ್ಲು ಕಚ್ಚಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದೆ, "ನಾಳೆಯಿಂದ ಬರ್ಬೇಡ." ಅವಳು ಮೂಲೆಗೆ ಹೋಗಿ, ಆಗಲೇ ಮಡಚಿಟ್ಟಿದ್ದ ಟವೆಲ್ ಬಿಚ್ಚಿ ಮತ್ತೆ ಮಡಚತೊಡಗಿದಳು.

ಬಣ್ಣದ ಗಿರಾಕಿಯ ತಲೆಯನ್ನು ಹಿಂದಿನ ಬಚ್ಚಲಿನಲ್ಲಿ ಬೇಗ ತೊಳೆದು ಕಳಿಸಿ ಸುಧಾಳ ಕಡೆ ಬಂದೆ. ಮಲಗಿದವರ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಇಳಿಯುತ್ತದೆ. ನಾನು ಅದನ್ನೂ ನೀರಿನ ಜೊತೆ ತೊಳೆದೆ. ಎಬ್ಬಿಸಿ ಕನ್ನಡಿಯ ಮುಂದೆ ಕೂರಿಸಿ, ಕೂದಲನ್ನು ಭಾಗ ಮಾಡಿ ಕ್ಲಿಪ್ ಹಾಕಿ, ದುಂಡು ಬ್ರಷ್ಷಿಗೆ ಸುತ್ತಿ ಡ್ರೈಯರ್ ಹಿಡಿದೆ. ಗಾಳಿ ಬೇರಿನಿಂದ ತುದಿಗೆ ಹೋಗಬೇಕು, ಎಲ್ಲೂ ನಿಲ್ಲಬಾರದು. ನೆತ್ತಿಗೆ ಬಂದಾಗ ಹುಡುಗಿ ಹೇಳಿದ್ದು ನಿಜವೇ ಎಂದು ಕಂಡಿತು. ಎರಡು ಸುಳಿ, ಒಂದು ಎಡಕ್ಕೆ, ಒಂದು ಬಲಕ್ಕೆ.

"ನೋಡಿ ಅಮ್ಮ, ಕೂದ್ಲು ಯಾವ ಕಡೆ ಹೊರಳ್ತದೆ ಅಂತ ತಿಳ್ಕೊಳ್ಳೋಕೆ ನಾವು ಸುಳಿ ನೋಡೋದು," ಎಂದು ಸುಳ್ಳಲ್ಲದ ಸುಳ್ಳು ಹೇಳಿದೆ. "ಎರಡಿದ್ರೆ ಗಾಳಿ ಎರಡೂ ಕಡೆಯಿಂದ ಹಿಡಿಬೇಕು. ಇಲ್ಲಾಂದ್ರೆ ಸೀಳಿ ನಿಲ್ಲುತ್ತೆ. ಅಷ್ಟೇ ಅದರರ್ಥ."

ಅಷ್ಟು ಕೂದಲು ಒಣಗುವುದೆಂದರೆ ಸಾವಕಾಶದ ಕೆಲಸ. ಡ್ರೈಯರ್ ಗುಂಯ್ ಎನ್ನುತ್ತಲೇ ಇತ್ತು. ಹಸಿರು ಬೆಳಕಿನಲ್ಲಿ ಬಿಸಿ ಗಾಳಿ, ಶಾಂಪೂವಿನ ಘಮ, ಕೆಳಗಿನ ಬಳೆ ಸದ್ದು. ಸಿಟ್ಟಿಗೂ ಒಂದು ಮಿತಿ ಇರುತ್ತದಲ್ಲ. ನನ್ನದು ಇಳಿಯತೊಡಗಿತು. ಕನ್ನಡಿಯಲ್ಲಿ ಸುಬ್ಬಲಕ್ಷ್ಮಮ್ಮನವರನ್ನೇ ನೋಡುತ್ತಿದ್ದೆ. ಅವರ ವಯಸ್ಸಿನವರು ತುರುಬನ್ನು ಕತ್ತಿನ ಹತ್ತಿರ ಕಟ್ಟುತ್ತಾರೆ. ಇವರದು ನೆತ್ತಿಯ ಮೇಲೆ ಬಿಗಿಯಾಗಿ ಕೂತಿತ್ತು, ಮುಚ್ಚಳ ಹಾಕಿದ ಹಾಗೆ. ಅವರ ಕೈ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಬರುತ್ತಿತ್ತು. ಅವರು ಸುಧಾಳನ್ನು ನೋಡುತ್ತಿದ್ದರು, ಸುಧಾ ತನ್ನ ಮಡಿಲನ್ನು ನೋಡುತ್ತಿದ್ದಳು.

ಇದ್ದಕ್ಕಿದ್ದಂತೆ ಎದ್ದು ಬಂದು ಬೇಸಿನ್ ಕುರ್ಚಿಯ ಮೇಲೆ ಕೈ ಇಟ್ಟರು.

"ನಂದೂ ತೊಳೀರಿ."

"ಇದು ಮುಗೀಲಿ ಅಮ್ಮ, ನಾನೇ ಬರ್ತೀನಿ."

"ನೀನಲ್ಲ ಕಣಮ್ಮ. ಆ ಸುಳಿ ನೋಡೋ ಹುಡ್ಗಿ."

"ಅವ್ಳು ಇನ್ನೂ ಕಲೀತಾ ಇದಾಳೆ."

"ಕಲೀಲಿ," ಎಂದು ಅವರೇ ಕುರ್ಚಿಯಲ್ಲಿ ಒರಗಿದರು.

ಬಿಂದು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ, ಮತ್ತೇನು ಮಾಡಲಿ. ಅವಳು ಹೇರ್‌ಪಿನ್ ಒಂದೊಂದಾಗಿ ತೆಗೆದಳು. ತುರುಬು ಬಿಚ್ಚಿ ನರೆತ ಕೂದಲು ಬೇಸಿನ್ನಿಗೆ ಇಳಿಯಿತು. ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು ನೀರು ಬಿಟ್ಟಳು, ಈ ಸಲ ಕಿವಿಗೆ ಒಂದು ಹನಿಯೂ ಹೋಗಲಿಲ್ಲ. ಕತ್ತಿನಿಂದ ಮೇಲಕ್ಕೆ, ಕಿವಿಯ ಹಿಂದಿನಿಂದ ಮೇಲಕ್ಕೆ, ಬೆರಳ ತುದಿಯಲ್ಲಿ ಹೋದಳು. ನೆತ್ತಿಗೆ ಬಂದಳು. ಬೆರಳು ಒಂದು ಸುತ್ತು ಸುತ್ತಿತು. ಪಕ್ಕಕ್ಕೆ ಸರಿದು, ಇನ್ನೊಂದು ಸುತ್ತು.

ಸುಬ್ಬಲಕ್ಷ್ಮಮ್ಮ ಕಣ್ಣು ಮುಚ್ಚಿರಲಿಲ್ಲ. ಚಾವಣಿ ನೋಡುತ್ತಾ ಕೇಳಿದರು, "ಎಷ್ಟವ್ವ?"

ನಾನು ಡ್ರೈಯರ್ ಆರಿಸಿದೆ. ಒಂದು ಎಂದರೆ ಸುಳ್ಳು, ಅದು ಅವರಿಗೂ ಗೊತ್ತಾಗುತ್ತದೆ. ಎರಡು ಎಂದರೆ ಈ ವಯಸ್ಸಿನ ಮುತ್ತೈದೆಯ ಎದೆಗೆ ಏನಾಗುತ್ತದೋ. ಯಾ ಅಲ್ಲಾ, ಈ ಹುಡುಗಿಯ ಬಾಯಿಗೆ ಬೀಗ ಹಾಕು ಎಂದುಕೊಂಡೆ. ಬಿಂದುವಿನ ಕೈ ಮಾತ್ರ ನಿಲ್ಲಲಿಲ್ಲ. ಅದೇ ವೇಗದಲ್ಲಿ ಹೋಗುತ್ತಿತ್ತು. ಅವಳು ಆ ತಲೆಕೆಳಗಾದ ಮುಖದ ಮೇಲೆ ಸ್ವಲ್ಪ ಬಗ್ಗಿದಳು.

"ನೀರು ಹದವಾಗಿದ್ಯಾ ಅಮ್ಮ?"

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಆಮೇಲೆ ಆ ಹೆಂಗಸಿನ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಹದವಾಗೈತೆ ಕಣವ್ವ," ಎಂದರು. "ಎರಡು. ನಂಗೊತ್ತು. ನಮ್ಮವ್ವ ಮದ್ವೆ ಹಿಂದಿನ್ ದಿನ ತಲೆಗೆ ನೀರು ಹಾಕುವಾಗ ನೋಡ್ಬುಟ್ಟು, ಯಾರ್ಗೂ ತೋರ್ಸ್‌ಬ್ಯಾಡ ಅಂದ್ಳು. ಅವತ್ತಿಂದ ತುರುಬು ಮ್ಯಾಲೇ ಕಟ್ಕಂಡೆ. ಒಬ್ರ ಕೈಲೂ ತಲೆ ಮುಟ್ಸ್‌ಲಿಲ್ಲ. ನಮ್ಮೆಜಮಾನ್ರಿಗೆ ನೆಗಡಿ ಆದ್ರೂ ನಂಗೆ ಜೀವ ಹೋಗದು. ಗದ್ದೆಗೆ ನೀರ್ ಕಟ್ಟಕ್ಕೋಗಿ ತಡ ಆದ್ರೆ ದಾರಿ ನೋಡ್ತಾ ನಿಂತಿರೋಳು. ಅವ್ರು ಸಾಯೋದು ನನ್ ತಲೇಲಿ ಬರ್ದೈತೆ ಅಂತ ಎಷ್ಟ್ ಉಪಾಸ, ಎಷ್ಟ್ ಹರಕೆ."

"ಈಗ ಅವ್ರು?" ಬಿಂದು ಪಿಸುಗುಟ್ಟಿದಳು.

"ಗುಂಡ್ಕಲ್ಲಂಗವ್ರೆ! ಬೆಳಿಗ್ಗೆ ಮುದ್ದೆ ಗಂಟಾಗೈತೆ ಅಂತ ಬಯ್ದು ಕಳ್ಸವ್ರೆ." ಅಳುತ್ತಿದ್ದವರು ಹಾಗೇ ನಕ್ಕುಬಿಟ್ಟರು. ನಗುವಿಗೆ ಬೇಸಿನ್ನಿನ ನೀರು ತುಳುಕಿತು. "ಸಾಯೋ ಮನುಷ್ಯನ್ನ ನೋಡ್ಕಂಡಂಗೆ ನೋಡ್ಕಂಡೆ ಕಣ್ರವ್ವ ಅವ್ರನ್ನ, ಜೀವಮಾನ್ವೆಲ್ಲ. ಒಂದಿನ ಜೊತೇಲಿ ಕೂತು ನಗ್ಲಿಲ್ಲ."

ಕನ್ನಡಿಯ ಮುಂದೆ ಕೂತಿದ್ದ ಸುಧಾ ಎದ್ದು ಬಂದು, ಅರ್ಧ ಒಣಗಿದ ತಲೆಯಲ್ಲೇ, ಅವರ ಪಕ್ಕ ನಿಂತಳು. "ಅತ್ತೆ," ಎಂದಳು. ಸುಬ್ಬಲಕ್ಷ್ಮಮ್ಮ ಮಲಗಿದಲ್ಲಿಂದಲೇ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡರು.

"ನೀನು ಹಂಗಿರ್ಬ್ಯಾಡ ಮಗ," ಎಂದರು. "ನನ್ ಮಗನ್ ಜೊತೆ ಜಗಳ ಆಡು, ನಗು, ಏನಾರ ಮಾಡು. ಹೆದ್ರಿಕಂಡ್ ಮಾತ್ರ ಬಾಳ್ಬ್ಯಾಡ."

ಆಮೇಲೆ ಅವರ ರೆಪ್ಪೆ ಇಳಿಯಿತು. ಬಿಂದು ಕಂಡಿಷನರನ್ನು ತುದಿಗೆ ಮಾತ್ರ ಹಚ್ಚಿ, ತೊಳೆದು, ಟವೆಲ್ಲಿನಲ್ಲಿ ಒತ್ತಿ ಒತ್ತಿ ನೀರು ತೆಗೆಯುವವರೆಗೂ ಅವರು ಅಲ್ಲಿರಲಿಲ್ಲ. ಎಲ್ಲಿ ಹೋಗಿದ್ದರೋ. ಅವ್ವನ ಮನೆಯ ಬಚ್ಚಲಿಗೋ, ಹೊಸದಾಗಿ ಮದುವೆಯಾಗಿ ಬಂದ ಮನೆಯ ಹಜಾರಕ್ಕೋ. ಸಣ್ಣಗೆ ಗೊರಕೆಯೂ ಬಂತು. ನಾನು ಸುಧಾಳ ಕೂದಲು ಮುಗಿಸಿದೆ, ಅವಳು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಮೊದಲ ಸಲ ನಕ್ಕಳು. ಡ್ರೈಯರನ್ನು ಬಿಂದುವಿನ ಕೈಗೆ ಕೊಟ್ಟೆ. ಅವಳು ಮೊದಲು ತನ್ನ ಮಣಿಕಟ್ಟಿಗೆ ಗಾಳಿ ಹಿಡಿದು ನೋಡಿದಳು. ನೆತ್ತಿಗೆ ಬಂದಾಗ ಎರಡೂ ಕಡೆಯಿಂದ ಹಿಡಿದಳು, ಯಾರೂ ಹೇಳದೆ.

"ತುರುಬು ಹೆಂಗೆ ಕಟ್ಲಿ ಅಮ್ಮ?"

ಸುಬ್ಬಲಕ್ಷ್ಮಮ್ಮ ಕನ್ನಡಿಯಲ್ಲಿ ತಮ್ಮ ತೆರೆದ ನೆತ್ತಿಯನ್ನು ನೋಡಿಕೊಂಡರು. "ಕೆಳ್ಗೇ ಕಟ್ಟು," ಎಂದರು.

ಅತ್ತೆ ಸೊಸೆ ಇಬ್ಬರೂ ಮೆಟ್ಟಿಲು ಇಳಿದು ಹೋಗುವಾಗ ನಾನು ಮೇಲಿನಿಂದ ನೋಡುತ್ತಿದ್ದೆ. ಎರಡು ನೆತ್ತಿ, ಒಂದು ಕಪ್ಪು, ಒಂದು ನರೆತದ್ದು. ಕೆಳಗೆ ಅಬ್ಬಾ ಅವರನ್ನು ಕೂರಿಸಿ ಬಳೆ ತೋರಿಸುವ ಸದ್ದು ಕೇಳಿಸಿತು. ಒಳಗೆ ಬಂದರೆ ಬಿಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಬರ್ತೀನಿ ಅಕ್ಕ. ಟವೆಲ್ ಎಲ್ಲ ಮಡ್ಚಿವ್ನಿ."

"ಎಲ್ಲಿಗೆ?"

"ಗುಬ್ಬಿ ಬಸ್ಸಿಗೆ. ನಾಳೆಯಿಂದ ಬರ್ಬೇಡ ಅಂದ್ರಲ್ಲ."

ನಾನು ದುಪಟ್ಟಾ ತೆಗೆದಿಟ್ಟು, ಜಡೆ ಬಿಚ್ಚಿ, ಬೇಸಿನ್ ಕುರ್ಚಿಯಲ್ಲಿ ಹೋಗಿ ಮಲಗಿದೆ. "ಬಾರೇ ಇಲ್ಲಿ," ಎಂದೆ. ಬ್ಯಾಗು ನೆಲಕ್ಕೆ ಬಿದ್ದ ಸದ್ದಾಯಿತು. ನಲ್ಲಿ ತಿರುಗಿತು. ಸ್ವಲ್ಪ ಹೊತ್ತು ನೀರು ಬೇರೆಲ್ಲೋ ಬೀಳುತ್ತಿತ್ತು, ಅವಳ ಮಣಿಕಟ್ಟಿನ ಮೇಲೆ ಇರಬೇಕು.

"ನೀರು ಹದವಾಗಿದ್ಯಾ ಅಕ್ಕ?"

"ಹ್ಞೂಂ," ಎಂದೆ.

ಬೆರಳುಗಳು ಕತ್ತಿನಿಂದ ಹೊರಟವು. ಸಂಜೆಯ ಬಿಸಿಲು ಪರದೆಯಲ್ಲಿ ಹಸಿರಾಗಿ ಅಲುಗುತ್ತಿತ್ತು. ಇಂಥ ಸುಳಿ ಗಿಳಿ ನಾನು ನಂಬುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೂ ಆ ಬೆರಳು ನೆತ್ತಿಗೆ ಬಂದು ಒಂದು ಸುತ್ತು ಸುತ್ತಿದಾಗ, ಇನ್ನೊಂದು ಸುತ್ತು ಇದೆಯೇ ಎಂದು ಮೈಯೆಲ್ಲ ಕಿವಿಯಾಯಿತು. ನನ್ನ ತಲೆಯನ್ನು ಎಷ್ಟು ಮಂಗಳವಾರ ತೊಳೆದಿದ್ದಾಳೆ, ಅವಳಿಗೆ ಗೊತ್ತಿರದೇ ಇರುತ್ತದೆಯೇ. ಅಮ್ಮಿ ಯಾಕೆ ಯಾವಾಗಲೂ ನನ್ನ ಜಡೆಯನ್ನು ಅಷ್ಟು ಬಿಗಿಯಾಗಿ ಎಳೆದು ಕಟ್ಟುತ್ತಿದ್ದಳು? ಕೇಳಬೇಕು ಎಂದು ಬಾಯಿ ತೆರೆದೆ. ಬೆಚ್ಚಗಿನ ನೀರು ಹಣೆಯ ಅಂಚಿನಲ್ಲಿ ನಿಂತು ಹಿಂದಕ್ಕೆ ಹೋಯಿತು. ಎಲ್ಲೋ ಲೋಬಾನದ ವಾಸನೆ ಬಂದ ಹಾಗಾಯಿತು, ಅಮ್ಮಿಯ ಮಡಿಲು, ಬೋರಲು ಬುಟ್ಟಿ. ಏನು ಕೇಳಬೇಕೆಂದಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

"ಅಕ್ಕ," ಎಂದು ಯಾರೋ ಮೆಲ್ಲಗೆ ಭುಜ ಮುಟ್ಟಿದರು. "ಅಕ್ಕ, ಕತ್ತಲಾಯ್ತು. ಕೊನೇ ಬಸ್ಸು ಹೊಂಟೋಯ್ತದೆ. ನಾಳೆ ಬೆಳಿಗ್ಗೆ ಬೇಗ ಬರ್ಲಾ?"